ನೀರು ನೋಡಲಿಕ್ಕೆ ಬರುತ್ತಿದ್ದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದರು. ಬೀಡಿಯ ತುದಿಯನ್ನು ಒಳಕ್ಕೆ ಮಡಚಿ ಒತ್ತಲು ಅದೊಂದು ಉಗುರು ಬೇಕಂತೆ. ಆಶಾ ಕಾರ್ಯಕರ್ತೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಅವರು ಬೀಡಿ ಕಟ್ಟುವುದನ್ನು ಬಿಟ್ಟಿರಲಿಲ್ಲ. ಅದೇ ಉಗುರಿನಿಂದ ಮಾತ್ರೆಯ ಸ್ಟ್ರಿಪ್ಪಿನ ಬೆನ್ನು ಸೀಳಿ, ಮಾತ್ರೆಯನ್ನು ಇಡಿಯಾಗಿ ಅಂಗೈಗೆ ಬೀಳಿಸುತ್ತಿದ್ದರು. ನಾನು ಅದೇ ಕೆಲಸ ಮಾಡಲು ಹೋದರೆ ಮಾತ್ರೆ ಎರಡು ತುಂಡಾಗಿ, ಒಂದು ತುಂಡು ಬೆಂಚಿನ ಅಡಿಗೆ ಹೋಗುತ್ತಿತ್ತು. "ನಿನಗೆ ಡಿಗ್ರಿ ಉಂಟು, ಉಗುರು ಇಲ್ಲ ಮಾರಾಯ್ತಿ" ಎಂದು ಅವರು ನಗುತ್ತಿದ್ದರು.

ಆಗ ನಾನು ಬಿಎಸ್ಸಿ ಮುಗಿಸಿದ್ದೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿತ್ತು. ಅದಕ್ಕೆ ಮೊದಲು ಒಂದು ವರ್ಷ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತೇನೆಂದು ಪುತ್ತೂರಿನ ಒಂದು ಸೇವಾ ಸಂಸ್ಥೆಗೆ ಸೇರಿದೆ. ಅಪ್ಪ "ವರ್ಷ ಹಾಳು" ಎಂದರು. ನಾನು ಸೇವೆ, ಸಮಾಜ ಎಂದೆಲ್ಲ ದೊಡ್ಡದಾಗಿ ಮಾತಾಡಿದೆ. ನಿಜ ಹೇಳಬೇಕೆಂದರೆ, ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿ ಬಂದವರಿಗೆ ಪ್ರವೇಶದ ಸಂದರ್ಶನದಲ್ಲಿ ಬೆಲೆ ಹೆಚ್ಚು ಎಂದು ಒಬ್ಬಳು ಸೀನಿಯರ್ ಹೇಳಿದ್ದಳು. ಸೇವೆಯ ಆಸೆಯೂ ಇತ್ತು, ಇಲ್ಲವೆಂದಲ್ಲ. ಆದರೆ ಅದು ಎರಡನೆಯದು.

ಸಂಸ್ಥೆಯವರು ನನ್ನನ್ನು ಕಡಬದ ಕಡೆಯ ಒಂದು ಊರಿಗೆ ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಟಿಬಿ ಮದ್ದು ತಿನ್ನುವವರ ಮನೆಗೆ ಆ ಊರಿನ ಆಶಾ ಕಾರ್ಯಕರ್ತೆಯಾಗಿದ್ದ ಈ ಅಕ್ಕನ ಜೊತೆ ಹೋಗುವುದು, ತೂಕ ನೋಡುವುದು, ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳುವುದು, ಎಲ್ಲವನ್ನೂ ಫೋನಿನ ಆ್ಯಪಿಗೆ ಹಾಕುವುದು, ಇಷ್ಟು ಕೆಲಸ. ಪುತ್ತೂರಿನಿಂದ ಸ್ಕೂಟರಿನಲ್ಲಿ ಉಪ್ಪಿನಂಗಡಿ ದಾಟಿ ಬಂದು ಅಕ್ಕನ ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಅಪ್ಪನ ವರ್ಗಾವಣೆಯಿಂದ ಈ ಕಡೆಗೆ ಬಂದವರಾದ್ದರಿಂದ ನನ್ನ ತುಳು ಅಷ್ಟಕ್ಕಷ್ಟೆ. ಎರಡು ದಿನ ನನ್ನ ತುಳು ಕೇಳಿದ ಅಕ್ಕ ಮೂರನೆಯ ದಿನ "ನೀನು ಕನ್ನಡದಲ್ಲೇ ಮಾತಾಡು, ನನಗೆ ನಗು ತಡೆಯುದಿಲ್ಲ" ಎಂದರು. ನಾಲ್ಕು ಜನರ ಎದುರು ಮಾತ್ರ ನನ್ನನ್ನು ಮೇಡಂ ಎನ್ನುತ್ತಿದ್ದರು. ಅದು ಗೌರವಕ್ಕಿಂತ ಹೆಚ್ಚು ತಮಾಷೆ ಎಂದು ಇಬ್ಬರಿಗೂ ಗೊತ್ತಿತ್ತು.

ಮೊದಲ ವಾರವೇ ಅವರ ಕೆಲಸದ ರೀತಿ ನೋಡಿ ನನಗೆ ಸಿಟ್ಟು ಬಂತು. ನಾವು ಹೋಗಬೇಕಾದದ್ದು ಒಂದು ಮನೆಗೆ. ಅಕ್ಕ ನನ್ನನ್ನು ಅದರ ಹಿಂದಿನ ಎರಡು ಮನೆಗೆ, ಮುಂದಿನ ಎರಡು ಮನೆಗೆ ಕೂಡ ಕರೆದುಕೊಂಡು ಹೋದರು. ಕೈಯಲ್ಲಿ ಟಾರ್ಚು. ಗೇಟಿನಿಂದಲೇ "ನೀರು ನೋಡ್ಲಿಕ್ಕೆ ಬಂದದ್ದು" ಎಂದು ಕೂಗುವುದು. ಡೆಂಗ್ಯೂ ಸೊಳ್ಳೆಯ ಮರಿ ಉಂಟಾ ಎಂದು ಹೂವಿನ ಚಟ್ಟಿಯ ಅಡಿ, ಹಳೆಯ ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ, ರಬ್ಬರು ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಕಪ್, ಎಲ್ಲದಕ್ಕೂ ಟಾರ್ಚು ಹಾಕಿ ನೋಡುವುದು. ಮೂರನೆಯ ಮನೆಯಲ್ಲಿ ಮಾತ್ರ ಬಚ್ಚಲುಮನೆಯ ಹಿಂದೆ ನೋಡಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಅಲ್ಲಿ ರೋಗಿ ನಿಂತಿರುತ್ತಿದ್ದರು. ಸೆರಗಿನ ಮರೆಯಲ್ಲಿ ಮಾತ್ರೆ ಕೈ ಬದಲಾಯಿಸುತ್ತಿತ್ತು. ಅಲ್ಲಿಂದ ಹೊರಬಂದು ನಾಲ್ಕನೆಯ ಮನೆಯಲ್ಲಿ ಮತ್ತೆ ಟಯರು, ಮತ್ತೆ ಚಟ್ಟಿ.

"ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಬೇಕಾ ಅಕ್ಕ?" ಎಂದು ಕೇಳಿದೆ.

"ಮದ್ದು ಕೊಡ್ಲಿಕ್ಕೆ ಹತ್ತು ನಿಮಿಷ ಸಾಕು. ಉಳಿದದ್ದು ಮುಚ್ಚಲಿಕ್ಕೆ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಈ ರೋಗ ಆರು ತಿಂಗಳಲ್ಲಿ ಹೋಗ್ತದೆ. ಹೆಸರು ಹೋಗುದಿಲ್ಲ. ಇಂಥವರ ಮನೆಯಲ್ಲಿ ಇತ್ತಂತೆ ಅಂತ ಮೊಮ್ಮಕ್ಕಳ ಮದುವೆಗೂ ಹೇಳ್ತಾರೆ" ಎಂದರು.

ಟಿಬಿಯ ಬಗ್ಗೆ ಅವಮಾನ ಪಡಬಾರದು, ಮುಚ್ಚಿಡಬಾರದು, ಜನರಿಗೆ ತಿಳಿವಳಿಕೆ ಕೊಡಬೇಕು ಎಂದು ನಮಗೆ ಪುತ್ತೂರಿನಲ್ಲಿ ತರಬೇತಿಯಾಗಿತ್ತು. ಅಕ್ಕ ಮಾಡುತ್ತಿದ್ದದ್ದು ಅದಕ್ಕೆ ಪೂರ್ತಿ ವಿರುದ್ಧ. ಇವರಂಥವರಿಂದಲೇ ಊರು ಸುಧಾರಿಸುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಇಪ್ಪತ್ತೆರಡು ವರ್ಷದವಳಿಗೆ ತೀರ್ಪು ಕೊಡುವುದಕ್ಕೆ ಎಷ್ಟು ಹೊತ್ತು ಬೇಕು.

ಆ ಮೂರನೆಯ ಮನೆಯಾಕೆ ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ವಯಸ್ಸು ಮೂವತ್ತರ ಮೇಲೆ. ಗಂಡ ರಬ್ಬರು ಟ್ಯಾಪಿಂಗಿಗೆ ಹೋಗುತ್ತಿದ್ದರು, ಮಗಳು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ತಿಂಗಳುಗಟ್ಟಲೆ ಕೆಮ್ಮಿದರೂ ಒಲೆಯ ಹೊಗೆಯದ್ದು ಎಂದು ಸುಮ್ಮನಿದ್ದವರನ್ನು ಅಕ್ಕನೇ ಗದರಿಸಿ ಕಫ ಪರೀಕ್ಷೆ ಮಾಡಿಸಿದ್ದರು. ರೋಗ ಇದೆ ಎಂದು ಗೊತ್ತಾದ ದಿನವೇ ಡಾಕ್ಟರ ಹತ್ತಿರ ಮಾತಾಡಿ ಆಕೆಯನ್ನು ಅಡುಗೆಮನೆಯಿಂದ ಹೊರಗೆ ತಂದಿದ್ದರು. ಸೊಂಟ ನೋವು, ಎರಡು ತಿಂಗಳು ಬಗ್ಗಬಾರದು ಎಂದು ಊರಿಗೆಲ್ಲ ಹೇಳಿದ್ದು. ಎರಡು ತಿಂಗಳ ಮದ್ದು ಮುಗಿದು, ಕಫ ಮತ್ತೆ ಪರೀಕ್ಷೆ ಮಾಡಿಸಿ, ಇನ್ನು ಇವರಿಂದ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಮೇಲೆಯೇ ಆಕೆ ಮತ್ತೆ ಸೌಟು ಹಿಡಿದದ್ದು. ಮಕ್ಕಳ ವಿಷಯದಲ್ಲಿ ಅಕ್ಕ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಆಮೇಲೆ ಊರು ಅವರನ್ನು ಬೈದದ್ದು ಇದೇ ವಿಷಯಕ್ಕೆ.

ಆಕೆಗೆ ಇನ್ನು ಮೂರು ತಿಂಗಳ ಮಾತ್ರೆ ಬಾಕಿ ಇತ್ತು. ಆ ಸಮಯಕ್ಕೆ ಅಕ್ಕನ ಮಗಳಿಗೆ ಮಂಗಳೂರಿನಲ್ಲಿ ಹೆರಿಗೆಯಾಯಿತು. ಅಕ್ಕ ನಾಲ್ಕು ದಿನಕ್ಕೆಂದು ಹೊರಟರು. ಬಸ್ಸಿಗೆ ಕಾಯುವಾಗ ನನಗೆ ಎರಡು ಸಲ ಹೇಳಿದರು: "ಮಾತ್ರೆ ಅವಳ ಹತ್ರ ಉಂಟು. ನಾನು ಬರುವವರೆಗೆ ನೀನು ಆ ಮನೆಗೆ ಹೋಗ್ಬೇಡ. ಆಯ್ತಾ?"

ಆಯ್ತು ಎಂದೆ.

ಎರಡನೆಯ ದಿನ ಪುತ್ತೂರಿನ ಆಫೀಸಿನಿಂದ ಫೋನು. ತಿಂಗಳ ಕೊನೆ, ಆಕೆಯ ತೂಕ ಆ್ಯಪಿನಲ್ಲಿ ಬಂದಿಲ್ಲ, ನಿಮ್ಮ ಊರು ಒಂದೇ ಬಾಕಿ ಎಂದರು. ಫೋನು ತೆರೆದರೆ ಆಕೆಯ ಹೆಸರಿನ ಮುಂದೆ ಕೆಂಪು ಗುರುತು. ಒಂದು ತೂಕ ನೋಡಿ ಬರಲು ಅಕ್ಕ ಬೇಕಾ ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಬೇಗ, ಆಕೆ ಶಾಲೆಗೆ ಹೊರಡುವ ಮೊದಲು ಹೋದೆ. ಸ್ಕೂಟರನ್ನು ನೇರ ಆಕೆಯ ಗೇಟಿನ ಮುಂದೆ ನಿಲ್ಲಿಸಿದೆ. ತೂಕದ ಮೆಷಿನ್ನು ಕೈಗೆತ್ತಿಕೊಂಡೆ. ರೋಗಿಯ ಮನೆಗೆ ಹೋಗುವಾಗ ಹಾಕಬೇಕೆಂದು ತರಬೇತಿಯಲ್ಲಿ ಹೇಳಿದ್ದ ದಪ್ಪ ಮಾಸ್ಕನ್ನು ಬ್ಯಾಗಿನಿಂದ ತೆಗೆದು, ಗೇಟಿನಲ್ಲಿ ನಿಂತು, ಮೂಗಿಗೆ ಸರಿಯಾಗಿ ಒತ್ತಿ ಹಾಕಿಕೊಂಡೆ.

ಅದು ಹಾಲಿನ ಸೊಸೈಟಿಗೆ ಜನ ಹೋಗುವ ಹೊತ್ತು. ಕ್ಯಾನು ಹಿಡಿದುಕೊಂಡು ಮೂರು ನಾಲ್ಕು ಮಂದಿ ರಸ್ತೆಯಲ್ಲಿದ್ದರು. ಅದರಲ್ಲೊಬ್ಬರು ನನ್ನನ್ನು ನೋಡಿ ನಕ್ಕರು ಕೂಡ, ನಾನೂ ಮಾಸ್ಕಿನೊಳಗೇ ನಕ್ಕೆ. ಆಕೆಯ ತೂಕ ಒಂದೂವರೆ ಕಿಲೋ ಏರಿತ್ತು. ಸಂತೋಷದಿಂದ ಹೊರಗೆ ಬಂದು, ರಸ್ತೆಯ ತಿರುವಿನಲ್ಲಿ ಸೆಕೆಯೆಂದು ಮಾಸ್ಕು ತೆಗೆದೆ.

ಕೊರೊನಾ ಕಳೆದ ಮೇಲೆ ನಮ್ಮ ಜನಕ್ಕೆ ಮಾಸ್ಕನ್ನು ಓದಲು ಬರುತ್ತದೆ. ದಾರಿಯುದ್ದಕ್ಕೂ ಹಾಕಿಕೊಂಡಿದ್ದರೆ ಧೂಳಿಗೆ ಎಂದುಕೊಳ್ಳುತ್ತಿದ್ದರು. ಒಂದೇ ಒಂದು ಗೇಟಿನಲ್ಲಿ ಹಾಕಿ, ಆ ಮನೆ ದಾಟಿದ ಕೂಡಲೇ ತೆಗೆದರೆ ಅದಕ್ಕೆ ಒಂದೇ ಅರ್ಥ. ನಾನು ಕಡಬ ಪೇಟೆ ಮುಟ್ಟುವಷ್ಟರಲ್ಲಿ ಸೊಸೈಟಿಯಲ್ಲಿ ಮಾತು ಮುಗಿದಿತ್ತು. ಎರಡು ತಿಂಗಳ ಸೊಂಟ ನೋವು ಯಾವುದೆಂದು ಊರಿಗೆ ತಿಳಿದಿತ್ತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಆ ಬಾಯಿಯನ್ನು ಅಕ್ಕ ಮೂರು ತಿಂಗಳು ಟಾರ್ಚು ಹಿಡಿದು ಮುಚ್ಚಿಟ್ಟಿದ್ದರು.

ಆ ದಿನ ಮಧ್ಯಾಹ್ನ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಊಟಕ್ಕೆ ಕೂರಲಿಲ್ಲ. ಕೆಲವರ ತಾಯಂದಿರು ಗೇಟಿನ ಹತ್ತಿರ ಬುತ್ತಿ ಹಿಡಿದು ನಿಂತಿದ್ದರು. ಇವರನ್ನು ತಿಳಿವಳಿಕೆ ಇಲ್ಲದವರು ಎಂದು ಬರೆದು ಮುಗಿಸುವುದು ಸುಲಭ. ಆದರೆ ಅದು ಅವರ ಮಕ್ಕಳ ತಟ್ಟೆ. ನನ್ನ ತಂಗಿ ಆ ಶಾಲೆಯಲ್ಲಿದ್ದರೆ ನನ್ನ ಅಮ್ಮನೂ ಬುತ್ತಿ ಹಿಡಿದು ನಿಲ್ಲುತ್ತಿದ್ದರೇನೋ.

ಸುದ್ದಿ ಕೇಳಿ ಅಕ್ಕ ಬಾಣಂತಿಯನ್ನು ಬಿಟ್ಟು ಬಂದರು. ಮಾರನೆಯ ದಿನ ಶಾಲೆಯಲ್ಲಿ ಪೋಷಕರ ಸಭೆ. ಆಕೆಯನ್ನೂ ಕರೆಸಿದ್ದರು. ಮಕ್ಕಳ ಬೆಂಚಿನ ತುದಿಯಲ್ಲಿ, ಯಾರನ್ನೂ ನೋಡದೆ ಕುಳಿತಿದ್ದರು. ಆ ಬೆಂಚಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ಡಾಕ್ಟರ ಕಾಗದ ಓದಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನಿಂದ ಒಬ್ಬರು ಎದ್ದು, "ಅಷ್ಟು ಏನೂ ಇಲ್ಲ ಅಂತಾದ್ರೆ ಆ ಹುಡುಗಿ ಮಾಸ್ಕ್ ಹಾಕಿ ಹೋದದ್ದು ಎಂತಕ್ಕೆ? ಅವಳನ್ನು ಕಳಿಸಿದ್ದು ಯಾರು?" ಎಂದರು.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ನಾನೇ ಕಳಿಸಿದ್ದು" ಎಂದರು. "ಮಾಸ್ಕ್ ಹಾಕಿ ಹೋಗು ಅಂತಲೂ ನಾನೇ ಹೇಳಿದ್ದು. ತಪ್ಪು ನನ್ನದು."

ಬೆಂಚಿನ ತುದಿಯಿಂದ ಆಕೆ ತಲೆಯೆತ್ತಿ ಅಕ್ಕನನ್ನು ನೋಡಿದರು. ಆ ನೋಟವನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ಒಬ್ಬರೇ ಒಬ್ಬರು ಕೈಬಿಟ್ಟರು ಎಂದು ಆಕೆ ಆ ಕ್ಷಣ ನಂಬಿದರು.

ಹೊರಗೆ ಬಂದ ಮೇಲೆ ನಾನು ಅಳುತ್ತಾ, ಈಗಲೇ ಒಳಗೆ ಹೋಗಿ ನಿಜ ಹೇಳುತ್ತೇನೆ ಎಂದೆ. ಅಕ್ಕ ನನ್ನ ತೋಳು ಹಿಡಿದು ನೋವಾಗುವಷ್ಟು ಒತ್ತಿದರು. "ಬಾಯಿ ಮುಚ್ಚು. ನನ್ನನ್ನು ಬೈದು ಅವರಿಗೆ ಅಭ್ಯಾಸ ಉಂಟು, ನಾಳೆ ಜ್ವರ ಬಂದ್ರೆ ನನ್ನ ಹತ್ರವೇ ಬರ್ಬೇಕು. ನಿನ್ನನ್ನು ಬೈದ್ರೆ ಇನ್ನು ಹೊರಗಿನವರು ಯಾರು ಬಂದ್ರೂ ಗೇಟು ತೆಗೆಯುದಿಲ್ಲ. ಅದೆಲ್ಲ ಇರ್ಲಿ. ಅವಳು ಇನ್ನು ನನ್ನ ಕೈಯಿಂದ ಮಾತ್ರೆ ತೆಕ್ಕೊಳ್ಳುದಿಲ್ಲ. ನಿನ್ನ ಕೈಯಿಂದ ತೆಕ್ಕೊಳ್ಳಬಹುದು. ನೀನೂ ಕೆಟ್ಟವಳಾದ್ರೆ ಯಾರು ಕೊಡುದು?"

ಅಷ್ಟು ಹೊತ್ತು ನಾನು ನನ್ನ ತಪ್ಪನ್ನೇ ಯೋಚಿಸುತ್ತಿದ್ದೆ. ಅಕ್ಕ ಉಳಿದ ಮೂರು ತಿಂಗಳ ಮಾತ್ರೆಯನ್ನು ಯೋಚಿಸುತ್ತಿದ್ದರು.

ಮುಂದಿನ ಒಂದು ವಾರ ಅಕ್ಕ ಮಧ್ಯಾಹ್ನ ಶಾಲೆಗೆ ಹೋಗಿ, ಎಲ್ಲರಿಗೂ ಕಾಣುವಂತೆ ಜಗಲಿಯಲ್ಲಿ ಕುಳಿತು, ಆಕೆ ಮಾಡಿದ ಸಾರು ಅನ್ನ ಉಂಡರು. ಆಕೆ ಮಾತಿಲ್ಲದೆ ಬಡಿಸಿ ಒಳಗೆ ಹೋಗುತ್ತಿದ್ದರು. ನೋಡಿದವರು ಮನಸ್ಸು ಬದಲಾಯಿಸಿದರು ಎಂದು ಬರೆಯಬಹುದಿತ್ತು. ಯಾರೂ ಬದಲಾಯಿಸಲಿಲ್ಲ. ಎಂಟನೆಯ ದಿನ ಹೆಡ್‌ಮಾಸ್ತರರು ಆಕೆಗೆ ಸ್ವಲ್ಪ ದಿನ ಮನೆಯಲ್ಲಿರಲು ಹೇಳಿದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ತಿಂಗಳು ತುಂಬುವುದರೊಳಗೆ ಗಂಡ, ಮಗಳ ಜೊತೆ ಆಕೆ ಸುಳ್ಯದ ಆಚೆ ಮರ್ಕಂಜದ ಹತ್ತಿರದ ತವರಿಗೆ ಹೋದರು.

ಅಲ್ಲಿಯ ಆಶಾ ಕಾರ್ಯಕರ್ತೆಗೆ ತನ್ನ ಚಿಕಿತ್ಸೆಯ ಕಾಗದ ಕಳಿಸಿದರೆ ಮದ್ದನ್ನೇ ನಿಲ್ಲಿಸುತ್ತೇನೆ ಎಂದು ಆಕೆ ಹಠ ಹಿಡಿದಿದ್ದರು. ಹಾಗಾಗಿ ಅಕ್ಕ ಡಾಕ್ಟರನ್ನು ಒಪ್ಪಿಸಿದರು. ವಾರಕ್ಕೊಮ್ಮೆ ನಾನು ಸುಳ್ಯದಲ್ಲಿ ಬಸ್ಸು ಬದಲಿಸಿ ಮರ್ಕಂಜಕ್ಕೆ ಮಾತ್ರೆ ಒಯ್ದೆ. ಸ್ಕೂಟರು ಬೇಡ, ಆ ದಾರಿಯ ಉಳಿದ ಮನೆಗಳಿಗೂ ಹೋಗು ಎಂದು ಅಕ್ಕನ ಕಟ್ಟಪ್ಪಣೆ. ಟಾರ್ಚು ಹಿಡಿದು ಐದು ಮನೆಯ ನೀರು ನೋಡಿ ಆ ಮನೆ ಸೇರುತ್ತಿದ್ದೆ.

ಆಕೆ ನನ್ನನ್ನು ಒಳಗೆ ಕೂರಿಸಿ ಚಾ ಕೊಡುತ್ತಿದ್ದರು. ಹಪ್ಪಳ ಸುಡುತ್ತಿದ್ದರು. ಆಕೆಯ ತಾಯಿ ಸುಳ್ಯದ ಕಡೆಯ ಅರೆಭಾಷೆಯಲ್ಲಿ ಕೇಳುತ್ತಿದ್ದ ಕುಶಲ ನನಗೆ ಅರ್ಧ ಅರ್ಥವಾಗುತ್ತಿತ್ತು. ಚಾ ಮುಗಿಯುವವರೆಗೆ ಆಕೆ ಅಕ್ಕನನ್ನು ಬೈಯುತ್ತಿದ್ದರು. "ಅವರನ್ನು ನಾನು ಸ್ವಂತ ಅಕ್ಕನ ಹಾಗೆ ನೋಡಿದ್ದು. ಹೊಟ್ಟೆಗೆ ಹೊಡೆದ್ರು. ನೀವು ಎಂತ ಮಾಡುದು ಪಾಪ, ಅವರು ಹೇಳಿದ್ದು ಕೇಳಿದ್ರಿ. ಇಷ್ಟು ದೂರ ಬರ್ತೀರಲ್ಲ, ನಿಮಗೆ ಒಳ್ಳೆದಾಗ್ಲಿ."

ಆ ಚಾವನ್ನು ನಾನು ಪ್ರತಿ ವಾರ ಪೂರ್ತಿ ಕುಡಿದೆ.

ಮರಳಿ ಬಂದಾಗ ಅಕ್ಕ ಕೇಳುತ್ತಿದ್ದರು, "ಎಂತ ಹೇಳಿದ್ಲು?"

"ನಿಮ್ಮನ್ನು ಬೈದರು."

"ಜೋರು ಬೈದಳಾ?"

"ಹೌದು."

"ಒಳ್ಳೆದು. ಬೈಲಿಕ್ಕೆ ಶಕ್ತಿ ಉಂಟು ಅಂದ್ರೆ ಮದ್ದು ಹಿಡಿದಿದೆ" ಎಂದು ನಗುತ್ತಿದ್ದರು. ಒಂದೇ ಒಂದು ಸಲ ನಗಲಿಲ್ಲ. ಬೀಡಿಯ ಮೊರದ ಮೇಲೆ ಬಗ್ಗಿಕೊಂಡೇ, "ಮಾತ್ರೆ ಮುಗಿಯುವವರೆಗೆ ಸುಮ್ಮನಿರು. ಮುಗಿದ ಮೇಲೆ ಒಂದು ಮಾತು ಹೇಳು ಅವಳಿಗೆ. ನನಗೂ ಬೇಜಾರಾಗ್ತದೆ ಅಲ್ವಾ" ಎಂದರು. ನಾನು ಹೇಳುತ್ತೇನೆ ಎಂದೆ.

ಮಾತ್ರೆ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆಕೆ ಪೂರ್ತಿ ಗುಣವಾದರು. ಆ ದಿನ ಮರ್ಕಂಜಕ್ಕೆ ಹೋದಾಗ ಆಕೆ ಪಾಯಸ ಮಾಡಿದ್ದರು. ಮಗಳು ನನ್ನ ಪಕ್ಕ ಬಂದು ಕೂತಳು. ಇವತ್ತು ಬೇಡ, ಮುಂದಿನ ಸಲ ಎಂದುಕೊಂಡೆ. ಆಮೇಲೆ ಹೋಗಲು ಕಾರಣವೇ ಇರಲಿಲ್ಲ, ಅಥವಾ ಕಾರಣ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಪ್ರವೇಶದ ಸಂದರ್ಶನ ಬಂತು. ವರ್ಷದಲ್ಲಿ ಏನು ಕಲಿತಿರಿ ಎಂದು ಕೇಳಿದರು. ಒಂದು ಮನೆಯ ಗುಟ್ಟು ಕಾಯಲು ಐದು ಮನೆಗೆ ಹೋಗುವ ರೀತಿಯನ್ನು ವಿವರಿಸಿದೆ. ಎದುರು ಕುಳಿತವರೆಲ್ಲ ತಲೆದೂಗಿ ಬರೆದುಕೊಂಡರು. "ನಾವು ಹೀಗೆ ಮಾಡಿದೆವು" ಎಂದಿದ್ದೆ. ಒಂದೆರಡು ಸಲ "ನಾನು" ಎಂದೂ ಬಂದಿರಬೇಕು. ಸೀಟು ಸಿಕ್ಕಿತು.

ಹೊರಡುವ ಮೊದಲು ಅಕ್ಕನಿಗೆ ಹೇಳಲು ಹೋದೆ. ಆಕೆಯ ಹತ್ತಿರ ಹೇಳಿದೆಯಾ ಎಂದು ಕೇಳುತ್ತಾರೆಂದು ದಾರಿಯುದ್ದಕ್ಕೂ ಹೆದರಿದ್ದೆ. ಅವರು ಕೇಳಲಿಲ್ಲ. ನನ್ನ ಮುಖ ನೋಡಿದಾಗಲೇ ಗೊತ್ತಾಗಿರಬೇಕು. "ಊಟ ಮಾಡಿ ಹೋಗು" ಎಂದರು. ಬಂಗುಡೆ ಮೀನಿನ ಸಾರು ಮಾಡಿದ್ದರು. ಉಂಡು ಹೊರಟೆ.

ಓದು ಮುಗಿದು ದೂರದ ಊರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಅಕ್ಕ ತೀರಿಕೊಂಡರು. ಮನೆಮನೆ ಸರ್ವೆಗೆ ಹೋದಲ್ಲಿ ತಲೆಸುತ್ತಿ ಬಿದ್ದರಂತೆ. ಮೆದುಳಿನಲ್ಲಿ ರಕ್ತಸ್ರಾವ. ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು, ಮಾತು ಬರಲಿಲ್ಲ. ನಾನು ಬಂದು ಮುಟ್ಟಿದ್ದು ಹದಿಮೂರನೇ ದಿನದ ಊಟಕ್ಕೆ. ಅಂಗಳ ತುಂಬಿತ್ತು. ಅಲ್ಲಿದ್ದವರಲ್ಲಿ ಯಾರು ಯಾವ ಮದ್ದು ತಿಂದು ಗುಣವಾದವರು ಎಂಬುದು ಅಕ್ಕನಿಗೆ ಮಾತ್ರ ಗೊತ್ತಿತ್ತು, ಅದು ಅವರ ಜೊತೆಯೇ ಹೋಗಿತ್ತು. ಶಾಲೆಯ ಸಭೆಯಲ್ಲಿ ಎದ್ದು ನಿಂತು ಕೇಳಿದವರು ಅಲ್ಲಿ ನೀರು ಬಡಿಸುತ್ತಿದ್ದರು. ನಾನು ಹುಡುಕಿದ ಮುಖ ಮಾತ್ರ ಇರಲಿಲ್ಲ. ಅಕ್ಕನ ಮಗಳನ್ನು ಕೇಳಿದೆ. "ಇಲ್ಲ, ಅವರು ಬರ್ಲಿಲ್ಲ. ಸುಳ್ಯದ ಕಡೆಯವರು ಯಾರು ಸಿಕ್ಕಿದ್ರೂ ಅಮ್ಮ ಅವರ ಸುದ್ದಿ ಕೇಳ್ತಾ ಇದ್ರು" ಎಂದಳು.

ಮಾರನೆಯ ಬೆಳಿಗ್ಗೆ ಮರ್ಕಂಜಕ್ಕೆ ಹೋದೆ. ಆಕೆ ದಪ್ಪಗಾಗಿದ್ದರು, ಆರೋಗ್ಯವಾಗಿದ್ದರು. ಮನೆಯಲ್ಲೇ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದರು. ಊರಿನ ಮದುವೆಗೆ ತರಕಾರಿ ಹೆಚ್ಚಲು ಕರೆದರೂ ಹೋಗುವುದಿಲ್ಲ ಎಂದು ಮಾತಿನ ನಡುವೆ ಹೇಳಿದರು. ಅಕ್ಕ ತೀರಿಕೊಂಡ ಸುದ್ದಿ ಆಕೆಗೆ ಮುಟ್ಟಿತ್ತು. ಕುಳಿತು ಐದು ನಿಮಿಷವಾಗುವುದರೊಳಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ ಹೋಗಬೇಡ ಎಂದದ್ದು, ನಾನು ಹೋದದ್ದು, ಮಾಸ್ಕು ನನ್ನದೇ ಬುದ್ಧಿ ಎಂಬುದು, ಸಭೆಯಲ್ಲಿ ಅವರು ಸುಳ್ಳು ಹೇಳಿದ್ದು, ಯಾಕೆ ಹೇಳಿದ್ದು ಎಂಬುದು.

ಆಕೆ ಹೊಲಿಗೆ ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೋದ ಮಳೆಗಾಲದಲ್ಲಿ ಅವರು ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ರು" ಎಂದರು. "ನನ್ನನ್ನು ನೋಡಿ ಹತ್ರ ಬಂದ್ರು. ಹೇಗಿದ್ದಿ, ಮಗಳು ಎಷ್ಟನೇ ಕ್ಲಾಸು ಅಂತ ಕೇಳಿದ್ರು. ನಾನು ಮುಖ ತಿರುಗಿಸಿ ನಿಂತೆ. ಬಸ್ಸು ಬರುವವರೆಗೂ ಅವರು ಅಲ್ಲಿಯೇ ನಿಂತಿದ್ರು. ಆಗಲೂ ಹೇಳ್ಲಿಲ್ಲ ಅವರು."

"ನಾನು ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೆ" ಎಂದೆ.

ಆಕೆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ನೀವು ಹೇಳಿ ಮುಗಿಸಿದ್ರಿ ಮೇಡಂ" ಎಂದರು. "ಇನ್ನು ನಾನು ಯಾರ ಹತ್ರ ಹೋಗಿ ಮಾತಾಡ್ಲಿ?"